ಎಡಕ್ಕೆ ಕೂದಲೆಳೆಯಷ್ಟು ಎತ್ತರ

ಖಡಕ್ ರೊಟ್ಟಿ ತಿನ್ನುವಾಗ ಬಾಯೊಳಗೆ ಆಗುವ ಸಪ್ಪಳ ಕೇಳಿದರೆ ಸಾಕು, ಆ ಬಾಯಿಯ ಹಲ್ಲುಗಳು ಸರಿಯಾಗಿ ಕೂಡುತ್ತಿವೆಯೋ ಇಲ್ಲವೋ ನನಗೆ ಗೊತ್ತಾಗುತ್ತದೆ. ಇದೇನೂ ದೊಡ್ಡ ವಿದ್ಯೆಯಲ್ಲ. ಕೊಟ್ಟೂರಿನ ಹಲ್ಲಿನ ದವಾಖಾನೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ವಯಸ್ಸೆಲ್ಲ ಕಟ್ಟು ಹಲ್ಲಿನ ಸೆಟ್ಟು, ಹಲ್ಲಿನ ಮೇಲಿನ ಕ್ಯಾಪು ಮಾಡಿದವನಿಗೆ ಅಷ್ಟಾದರೂ ಬರಬೇಕು. ಎರಡೂ ಕಡೆ ಸಮನಾಗಿ ಕೂಡುವ ಬಾಯಿಯಲ್ಲಿ ರೊಟ್ಟಿ ಒಂದೇ ಸಪ್ಪಳಕ್ಕೆ ಮುರಿಯುತ್ತದೆ. ಒಂದು ಕಡೆ ಹಲ್ಲು ಎತ್ತರವಾಗಿದ್ದರೆ ಮೊದಲು ಆ ಕಡೆ ಟಕ್ ಎನ್ನುತ್ತದೆ, ಅದರ ಹಿಂದೆಯೇ ಇನ್ನೊಂದು ಕಡೆ. ನಡುವಿನ ಅಂತರ ಕಣ್ಣು ಮಿಟುಕಿಸುವಷ್ಟೂ ಇರುವುದಿಲ್ಲ. ಆದರೆ ಆ ಅಂತರದಲ್ಲೇ ಮನುಷ್ಯನ ದವಡೆ ನೋಯುತ್ತದೆ, ಕಿವಿ ನೋಯುತ್ತದೆ, ಬೆಳಿಗ್ಗೆ ಏಳುವಾಗ ತಲೆ ಸಿಡಿಯುತ್ತದೆ.

ಈಗ ನಮ್ಮ ಮನೆಯಲ್ಲಿ ಕೇಳುವುದು ಒಂದೇ ಬಾಯಿಯ ಸಪ್ಪಳ, ಅದು ನನ್ನದು. ನನ್ನ ಹೆಂಡತಿ ಹಾಲಮ್ಮ ಹೋದ ಮೇಲೆ ನಾನು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವುದು ಕಲಿತಿದ್ದೇನೆ. ನನ್ನ ಹಲ್ಲು ಗಟ್ಟಿಯಾಗಿಯೇ ಇವೆ. ಸಪ್ಪಳ ಬೇಡವೆನಿಸುತ್ತದೆ, ಅಷ್ಟೆ.

ದವಾಖಾನೆಯನ್ನು ಈಗ ನಡೆಸುತ್ತಿರುವ ಡಾಕ್ಟರಮ್ಮ ವಯಸ್ಸಿನಲ್ಲಿ ಸಣ್ಣವರು. ಅವರೇ ಒಂದು ದಿನ ಮನೆಗೆ ಬಂದು, "ಕಾಕಾ, ಈ ಕೆಲಸಕ್ಕ ಹೊಸದಾಗಿ ಬರೋರಿಗೆ ಮಷೀನು ಗೊತ್ತೈತಿ, ಬಾಯಿ ಗೊತ್ತಿಲ್ಲ. ನಿಮಗ ತಿಳಿದದ್ದು ಬರದು ಕೊಡ್ರಿ" ಅಂದರು. ನಾನು ಓದಿದ್ದು ಹತ್ತನೆಯ ಇಯತ್ತೆಯವರೆಗೆ. ಬರೆಯುವ ರೂಢಿಯಿಲ್ಲ. ಕೆಲಸದ ಬಗ್ಗೆ ಬರೆಯಲು ಕೂತರೆ ಹೆಂಡತಿಯ ಮಾತೇ ಬರುತ್ತದೆ. ಅದನ್ನು ಬಿಡಿಸಿ ಬರೆಯಲು ನೋಡಿದೆ, ಆಗಲಿಲ್ಲ. ಓದುವವರು ತಾಳಿಕೊಳ್ಳಬೇಕು.

ಮೊದಲು ನಮ್ಮ ಹಿರಿಯ ಡಾಕ್ಟರ ಬಗ್ಗೆ ಹೇಳಬೇಕು. ಅವರು ದಾವಣಗೆರೆಯಲ್ಲಿ ಕಲಿತು ಬಂದವರು. ಕೈ ಹಗುರ. ಹಲ್ಲು ಕಿತ್ತದ್ದು ಗೊತ್ತಾಗದೆ "ಯಾವಾಗ ಕೀಳ್ತೀರಿ?" ಎಂದು ಕೇಳಿದವರನ್ನು ನಾನೇ ನೋಡಿದ್ದೇನೆ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ ಇರುತ್ತಿತ್ತು. ನಾನು ಮೇಣದಲ್ಲಿ ಜೋಡಿಸಿದ ಹಲ್ಲಿನ ಸಾಲು ಸೊಟ್ಟಗಿದ್ದರೆ ಬೈಯುತ್ತಿರಲಿಲ್ಲ. ಅದನ್ನು ಕಿಟಕಿಯ ಮೇಲಿಟ್ಟು, ಬಂದವರಿಗೆಲ್ಲ ತೋರಿಸಿ, "ಇದು ನಮ್ಮ ಬಸಣ್ಣ ಕುದುರೆಗೆ ಮಾಡಿದ್ದು" ಅನ್ನುತ್ತಿದ್ದರು. ಕುದುರೆ ಹಲ್ಲು ಎಂಬ ಹೆಸರು ಹೋಗಲು ನನಗೆ ಬಹಳ ಕಾಲ ಬೇಕಾಯಿತು.

ದವಾಖಾನೆಯ ಹಿಂದಿನ ಎರಡು ಕೋಣೆ ನಮ್ಮ ಮನೆ. ನಡುವೆ ಒಂದು ಹಿತ್ತಲು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆಯಿಂದ ಬಂದ ಹೆಣ್ಣುಮಕ್ಕಳು ಬೆಂಚಿನ ಮೇಲೆ ಗಂಡಸರ ನಡುವೆ ಕೂರಲು ನಾಚಿ, ನೀರು ಕೇಳುವ ನೆಪದಲ್ಲಿ ನಮ್ಮ ಬಾಗಿಲಿಗೆ ಬರುತ್ತಿದ್ದರು. ಹಾಲಮ್ಮ ಹೊಳಲಿನವಳು, ಮಾತಿಗೆ ಬರವಿಲ್ಲ. ಹೀಗಾಗಿ ನಮ್ಮ ದವಾಖಾನೆಗೆ ಎರಡು ಕೋಣೆ ಇದ್ದವು ಎನ್ನಬಹುದು. ಮುಂದಿನದರಲ್ಲಿ ಎಲ್ಲರೂ "ಚಲೋ ಐತ್ರಿ" ಅನ್ನುತ್ತಿದ್ದರು. ಹಿಂದಿನದರಲ್ಲಿ ನೋವು ಹೇಳುತ್ತಿದ್ದರು.

ತೆಲಿಗಿಯ ರೇಣಮ್ಮನ ವಿಷಯ ಹಾಗೆಯೇ ಗೊತ್ತಾದದ್ದು. ಮದುವೆಯಾಗಿ ಬಂದು ಹೆಚ್ಚು ದಿನವಾಗಿರದ ಹೆಣ್ಣುಮಗಳು. ದವಡೆ ಹಲ್ಲಿಗೆ ಹುಳುಕು ಹತ್ತಿತ್ತು. ಡಾಕ್ಟರು ಸೂಜಿ ಚುಚ್ಚಿ, ಹುಳುಕು ತೆಗೆದು, ತುಂಬಿದರು. ಕಚ್ಚು ನೋಡಲು, ಹಲ್ಲು ತಾಗಿದಲ್ಲಿ ಗುರುತು ಬಿಡುವ ನೀಲಿ ಕಾಗದ ಇಟ್ಟು, "ಕಚ್ಚವ್ವಾ. ಸರಿ ಐತೇನು?" ಎಂದು ಕೇಳಿದರು. ಕೇಳಿ ಮುಗಿಯುವ ಮೊದಲೇ ಆಕೆ, "ಚಲೋ ಐತ್ರಿ" ಎಂದು ಕುರ್ಚಿಯಿಂದ ಇಳಿದಳು. ಹರಪನಹಳ್ಳಿ ಬಸ್ಸು ಹೊರಡುವ ಹೊತ್ತು. ಹೊರಗೆ ಅತ್ತೆ ಚೀಲ ಹಿಡಿದು ನಿಂತಿದ್ದಳು.

ಸ್ವಲ್ಪ ದಿನ ಬಿಟ್ಟು ಇಬ್ಬರೂ ಮತ್ತೆ ಬಂದರು. ರೇಣಮ್ಮನ ಗಲ್ಲಕ್ಕೆ ಬಟ್ಟೆ ಕಟ್ಟಿತ್ತು. ಕೊರಳಲ್ಲಿ ಹೊಸ ದಾರ. ಕಿವಿ ನೋವೆಂದು ಕಿವಿಗೆ ಔಷಧಿ ಹಾಕಿಸಿ, ಅದಕ್ಕೂ ಬಗ್ಗದ್ದಕ್ಕೆ ದೇವರ ದಾರ ಕಟ್ಟಿಸಿದ್ದರು. ಡಾಕ್ಟರು ತುಂಬಿದ ಹಲ್ಲನ್ನು ಬಡಿದು ನೋಡಿದರು, ಬಿಸಿ, ತಣ್ಣಗಿನದು ತಾಗಿಸಿ ನೋಡಿದರು. ಹಲ್ಲಿನಲ್ಲಿ ಏನೂ ಇಲ್ಲ. "ಈಗ ನೋವೈತೇನು?" ಅಂದರೆ, "ಇಲ್ರಿ, ಚಲೋ ಐತ್ರಿ" ಅಂದಳು, ಬಟ್ಟೆ ಕಟ್ಟಿಕೊಂಡೇ.

ಅತ್ತೆ ನನ್ನ ಹೆಂಡತಿಯ ಮುಂದೆ ಬಂದು ಕೂತು, "ನೋವೂ ಇಲ್ಲ ಗೀವೂ ಇಲ್ಲವ್ವಾ. ಸೊಕ್ಕು. ರೊಟ್ಟಿ ತಿನ್ನಾಕ ಒಲ್ಲೆ ಅಂತಾಳ, ಅನ್ನ ಬೇಕಂತ ಮಹಾರಾಣಿಗೆ" ಅಂದಳು.

ಹಾಲಮ್ಮ, "ಹೌದೇನಬೇ? ನೀವು ಮುಂದ ಹೋಗಿ ಕುಂದರ್ರಿ, ನಾನು ಈಕಿಗೆ ಬುದ್ಧಿ ಹೇಳತೀನಿ" ಎಂದು ಅತ್ತೆಯನ್ನು ಕಳಿಸಿ, ರೇಣಮ್ಮನ ಕೈಗೆ ಖಡಕ್ ರೊಟ್ಟಿಯ ಚೂರು ಕೊಟ್ಟಳು. "ಕಡಿ ತಂಗಿ. ಇಲ್ಲಿ ಯಾರೂ ಇಲ್ಲ."

ಆ ಹುಡುಗಿ ರೊಟ್ಟಿಯನ್ನು ಬಾಯಿಗಿಟ್ಟು ಕಚ್ಚಿದವಳೇ ಗಲ್ಲ ಹಿಡಿದುಕೊಂಡು ಅತ್ತುಬಿಟ್ಟಳು. "ಅಕ್ಕಾ, ಈ ಕಡಿ ಹಲ್ಲು ಮೊದಲ ಬಡೀತೈತಿ. ಬಾಯಿ ಪೂರಾ ಮುಚ್ಚಾಕ ಬರೂದಿಲ್ಲ. ಮಕ್ಕೊಂಡಾಗೂ ದವಡಿ ಬಿಗಿ ಹಿಡೀತೈತಿ."

"ಮತ್ತ ಡಾಕ್ಟ್ರ ಮುಂದ ಯಾಕ ಹೇಳಲಿಲ್ಲ?"

"ಅಷ್ಟು ದೊಡ್ಡೋರು ಮಾಡ್ಯಾರ. ಸರಿ ಇಲ್ಲ ಅಂತ ಹೆಂಗ ಅನ್ನಲಿ?"

ಹಾಲಮ್ಮ ನನ್ನನ್ನು ಕರೆದು ಹೇಳಿದಳು, ನಾನು ಡಾಕ್ಟರಿಗೆ ಹೇಳಿದೆ. ಅವರು ಆಕೆಯನ್ನು ನೆಟ್ಟಗೆ ಕೂರಿಸಿ, ಮತ್ತೆ ನೀಲಿ ಕಾಗದ ಇಟ್ಟು ನೋಡಿದರು. ಹೊಸ ತುಂಬಿನ ಮೇಲೆ ಒಂದೇ ಒಂದು ದಟ್ಟ ಚುಕ್ಕೆ. ಮೊದಲ ದಿನ ನೋಡಿದಾಗ ಸೂಜಿಯಿಂದ ಬಾಯಿ ಜೋಮು ಹಿಡಿದಿತ್ತು, ಆಕೆ ಒರಗಿದ ಕುರ್ಚಿಯಲ್ಲಿದ್ದಳು. ಹಾಗಿರುವಾಗ ದವಡೆ ತನ್ನ ಜಾಗ ಬಿಟ್ಟು ಹಿಂದೆ ಜಾರುತ್ತದೆ, ಎಲ್ಲಿ ಕಚ್ಚುತ್ತಿದ್ದೇನೆಂದು ಕಚ್ಚುವವರಿಗೂ ತಿಳಿಯುವುದಿಲ್ಲ. ಡಾಕ್ಟರು ಆ ಚುಕ್ಕೆಯನ್ನು ಮಷೀನಿನಿಂದ ಎರಡು ಸಲ ಸವರಿದರು, ಅಷ್ಟೆ. ರೇಣಮ್ಮ ಬಾಯಿ ಮುಚ್ಚಿ, ತೆರೆದು, ಮತ್ತೆ ಮುಚ್ಚಿ, ಅತ್ತೆ ಕಡೆ ನೋಡಿ ಬಟ್ಟೆ ಬಿಚ್ಚಿದಳು. ದವಡೆಯ ಬಿಗಿ ಪೂರ್ತಿ ಇಳಿಯಲು ಮುಂದೆ ಕೆಲವು ದಿನ ಹಿಡಿಯಿತು ಎಂದು ಆಮೇಲೆ ತಿಳಿಯಿತು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಹಾಲಮ್ಮ ಅಂದ ಮಾತು ನನಗೆ ಇನ್ನೂ ನೆನಪಿದೆ. "ಅಲ್ರಿ, ಆ ಹುಡುಗಿ ಚಲೋ ಐತಿ ಅಂದದ್ದು ನಿಮ್ಮ ಡಾಕ್ಟ್ರಿಗಲ್ಲ. ಬಸ್ಸಿಗೆ."

ಡಾಕ್ಟರಿಗೆ ಈ ಮಾತು ಮುಟ್ಟಿಸಿದೆ. ಸಿಟ್ಟಿಗೇಳುತ್ತಾರೆಂದು ಹೆದರಿದ್ದೆ. ಅವರು ನಕ್ಕು, ಮುಂದಿನ ವಾರದಿಂದ ಹೊಸ ಪದ್ಧತಿ ಹಾಕಿದರು. ತುಂಬಿಸಿಕೊಂಡವರು, ಕ್ಯಾಪ್ ಹಾಕಿಸಿಕೊಂಡವರು ಜೋಮು ಇಳಿಯುವವರೆಗೆ ಊರು ಬಿಡುವಂತಿಲ್ಲ. ಇಳಿದ ಮೇಲೆ ಹಿಂದಿನ ಮನೆಗೆ ಹೋಗಿ ಹಾಲಮ್ಮನ ಹತ್ತಿರ ರೊಟ್ಟಿಯ ಚೂರು ಕಡಿಯಬೇಕು. ಆಕೆ ಕೇಳಿ, ಆಮೇಲೆ ಬಸ್ಸು. ದೂರದ ಊರಿನವರನ್ನು ಬೆಳಿಗ್ಗೆಯೇ ಬರಲು ಹೇಳುತ್ತಿದ್ದರು. ರೊಟ್ಟಿಯ ಚೂರಿನ ಸ್ಟೀಲ್ ಡಬ್ಬಿ ನೀಲಿ ಕಾಗದದಷ್ಟೇ ನಮಗೆ ಬೇಕಾದ ಸಾಮಾನಾಯಿತು. ಕಾಗದದ ಗುರುತು ನೋಡಲು ಡಾಕ್ಟರು, ಸಪ್ಪಳ ಕೇಳಲು ಹಾಲಮ್ಮ. ನಾನು ಆ ಸಪ್ಪಳ ಕೇಳುವುದನ್ನು ಕಲಿತದ್ದು ಅವಳ ಪಕ್ಕದಲ್ಲಿ ಕೂತು. ಇದಕ್ಕೆ ಅವಳು ಸಂಬಳ ಕೇಳಲಿಲ್ಲ, ಡಾಕ್ಟರನ್ನು ತಮಾಷೆ ಮಾಡುವ ಹಕ್ಕನ್ನು ಮಾತ್ರ ಇಟ್ಟುಕೊಂಡಳು.

ನಗುವಂಥ ಪ್ರಸಂಗಗಳೂ ಇದ್ದವು. ಕೂಡ್ಲಿಗಿ ಕಡೆಯ ಕುರಿಗಾರ ಬೀರಪ್ಪನಿಗೆ ಮೇಲೂ ಕೆಳಗೂ ಪೂರಾ ಸೆಟ್ಟು ಕೂರಿಸಿದ್ದೆವು. ಕನ್ನಡಿ ನೋಡಿಕೊಂಡು ಖುಷಿಯಾಗಿ ಹೋದವನು ವಾರದೊಳಗೆ ಸೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟ.

"ಏನು ಮಾಡಿಯೋ ಬಸಣ್ಣ ಮಾರಾಯ, ನನ್ನ ಕುರಿ ನನಗ ಯಾರು ನೀನು ಅಂತಾವ."

"ಏನಾತು?"

"ಕರದ್ರ ಬರವಲ್ವು. ಹಲ್ಲು ಇಲ್ಲದಾಗ ಒಂದು ಕೂಗಿಗೆ ಬರ್ತಿದ್ವು. ಈಗ ನಾ ಕೂಗಿದ್ರ ತಲಿ ಎತ್ತಿ ನೋಡಿ ಮೇಯತಾವ. ಮಾತಾಡಿದ್ರ ಬಾಯಾಗ ಚಿಟಿಕಿ ಹೊಡದಂಗ ಆಕೈತಿ. ಸಂಜೀಕ ಗಲ್ಲ ಎಲ್ಲಾ ಸೋತು ಬಿಡತಾವ."

"ಎಲ್ಲಿ, ಕೂಗು ನೋಡೋಣ."

ಸೆಟ್ಟು ಹಾಕಿಕೊಂಡು ಕೂಗಿದ. ಬರೀ ಗಾಳಿ ಬಂತು. ಸೆಟ್ಟು ತೆಗೆದು ಕೂಗಿದ. ಮುಂದಿನ ಕೋಣೆಯಲ್ಲಿ ಡಾಕ್ಟರ ಕೈಯಿಂದ ಇಕ್ಕಳ ಬಿತ್ತು. ಬಾಯಿ ತೆರೆದುಕೊಂಡು ಮಲಗಿದ್ದವರು ಎದ್ದು ಕೂತರು. ಡಾಕ್ಟರು ಬಾಗಿಲಿಗೆ ಬಂದು, "ಯಾರಪ್ಪ ಅದು, ನನ್ನ ಪೇಶಂಟೆಲ್ಲ ಹಿಂದ ಬರಾಕತ್ತಾರ" ಅಂದರು.

ಅವನ ಮಾತಿನಲ್ಲೇ ಕಾಯಿಲೆ ಇತ್ತು. ಹಲ್ಲಿನ ಸಾಲು ಎತ್ತರವಾದರೆ ಬಾಯಿಗೆ ಪೂರ್ತಿ ಮುಚ್ಚಿ ವಿಶ್ರಾಂತಿ ಪಡೆಯಲು ಜಾಗವಿರುವುದಿಲ್ಲ. ಮಾತಿನಲ್ಲಿ ಹಲ್ಲು ಬಡಿಯುತ್ತವೆ, ಗಲ್ಲದ ಮಾಂಸ ಸೋಲುತ್ತದೆ. ಅಂಥ ಬಾಯಿಯವರಿಗೆ ನೋವಿನ ಗುಳಿಗೆ ಕೊಟ್ಟು ಕಳಿಸಿದರೆ ಪ್ರಯೋಜನವಿಲ್ಲ. ಕೆಳಗಿನ ಸಾಲನ್ನು ಮತ್ತೆ ತಗ್ಗಿಸಿ ಕಟ್ಟಿದೆ. ಮೇಲಿನ ಮುಂದಿನ ಹಲ್ಲುಗಳ ಹಿಂದೆ, ನಾಲಗೆ ತಾಗುವ ಕಡೆ ತೆಳುವು ಮಾಡಿದೆ. ತೆಳುವು ಮಾಡಿದಾಗೊಮ್ಮೆ ಅವನು ಹಿತ್ತಲಿಗೆ ಹೋಗಿ ಕೂಗುತ್ತಿದ್ದ. ಹಾಲಮ್ಮ ಒಳಗಿನಿಂದ, "ಇನ್ನೂ ಬಂದಿಲ್ಲ ಬಿಡಪ್ಪ, ನಾನು ಕುರಿ ಆಗಿದ್ರ ಬರ್ತಿದ್ದಿಲ್ಲ" ಅನ್ನುತ್ತಿದ್ದಳು. ಕೊನೆಗೊಮ್ಮೆ ಆಕೆಯೇ ಎದ್ದು ಹೊರಗೆ ಬಂದು, "ಹಾಂ, ಬಂದೆ" ಅಂದಳು. ಅಲ್ಲಿಗೆ ಕೆಲಸ ಮುಗಿಯಿತು.

ಈಗಿನ ಕೆಲಸ ಬೇರೆ. ಬಾಯಿಯ ತುಂಬ ಅಚ್ಚಿನ ಹಿಟ್ಟು ತುರುಕಿ ವಾಂತಿ ಬರಿಸುವುದು ತಪ್ಪಿದೆ. ಪೆನ್ನಿನಂಥದೊಂದನ್ನು ಬಾಯೊಳಗೆ ಆಡಿಸಿದರೆ ಹಲ್ಲೆಲ್ಲ ಪರದೆಯ ಮೇಲೆ ಬರುತ್ತವೆ. ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಬಣ್ಣದಲ್ಲಿ ಕಾಣುತ್ತದೆ. ಕ್ಯಾಪು ಮಷೀನಿನಲ್ಲೇ ಕೆತ್ತಿ ಬರುತ್ತದೆ. ನನ್ನ ಕೈಯ ಕ್ಯಾಪಿಗಿಂತ ಅದು ಚೆನ್ನಾಗಿಯೇ ಕೂರುತ್ತದೆ, ಅದರಲ್ಲಿ ಸಂಶಯವಿಲ್ಲ. ಒಂದು ಮಾತ್ರ ನೆನಪಿಡಬೇಕು. ನಮ್ಮ ಕಾಲದ ಸೆಟ್ಟಿನ ಹಲ್ಲು ಮೆತ್ತಗಿದ್ದವು. ಸ್ವಲ್ಪ ಎತ್ತರ ಉಳಿದರೂ ನಮ್ಮ ಜೋಳದ ರೊಟ್ಟಿ ಅದನ್ನು ತಿಂಗಳೊಪ್ಪತ್ತಿನಲ್ಲಿ ಸವೆಸುತ್ತಿತ್ತು. ಈಗಿನ ಗಟ್ಟಿ ಕ್ಯಾಪು ಸವೆಯುವುದಿಲ್ಲ. ಅದು ಸವೆಯದಿದ್ದರೆ ಎದುರಿನ ಹಲ್ಲು ಸವೆಯಬೇಕು, ಇಲ್ಲ ದವಡೆಯ ಕೀಲು ನೋಯಬೇಕು. ಪರದೆ ಸರಿ ಎಂದರೂ ಬಾಯಿಯವರನ್ನು ಕೇಳಿ. ಒಮ್ಮೆ ಕೇಳಿದರೆ ಸಾಲದು. ಬಸ್ಸು ಯಾವಾಗ ಎಂದು ಮೊದಲು ಕೇಳಿ, ಆಮೇಲೆ ಹಲ್ಲು ಹೇಗಿದೆ ಎಂದು ಕೇಳಿ.

ಇನ್ನು ನನ್ನ ಮನೆಯ ಬಾಯಿಯ ವಿಷಯ.

ಹಾಲಮ್ಮನ ವಸಡು ಬೇಗ ಸಡಿಲಾಯಿತು. ಒಂದೊಂದಾಗಿ ಹಲ್ಲು ಹೋಗಿ, ಇನ್ನೂ ತಲೆ ಕೂದಲು ಕಪ್ಪಿರುವಾಗಲೇ ಪೂರಾ ಸೆಟ್ಟು ಬೇಕಾಯಿತು. ನಾನೇ ಮಾಡಿದೆ. ಎಷ್ಟೋ ಊರಿನವರಿಗೆ ಮಾಡಿದವನು, ಮನೆಯವಳಿಗೆ ಮಾಡುವುದೇನು ಎಂದುಕೊಂಡಿದ್ದೆ. ಹಾಕಿಕೊಂಡು ಒಂದು ಚೂರು ರೊಟ್ಟಿ ಕಡಿದು, "ಎಡಕ್ಕ ಎತ್ತರ ಐತ್ರಿ" ಅಂದಳು.

"ನೀಲಿ ಕಾಗದದಾಗ ಎರಡೂ ಕಡಿ ಸಮ ಬಂದೈತಿ ನೋಡು."

"ಹಂಗಾರ ಕಾಗದಕ್ಕ ರೊಟ್ಟಿ ತಿನ್ನಿಸ್ರಿ."

ಸವರಿದೆ. ಮತ್ತೆ ಎಡಕ್ಕೆ ಅಂದಳು. ಮತ್ತೆ ಸವರಿದೆ. ಡಾಕ್ಟರು ಬಂದು, "ಹಾಲಮ್ಮ, ಇನ್ನು ಸವರಿದರೆ ಹಲ್ಲೇ ಇರೋದಿಲ್ಲಮ್ಮ" ಅಂದರು. "ನಿಮ್ಮ ಪೇಶಂಟ್ ಅಲ್ರಿ ನಾನು, ಚಲೋ ಐತಿ ಅನ್ನಾಕ" ಅಂದಳು. ಕೊನೆಗೆ ಒಂದು ಮಧ್ಯಾಹ್ನ ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತ, ತಂಗಿಯ ಮನೆಯ ಜಗಳ ಒಂದನ್ನು ಹೇಳತೊಡಗಿದಳು. ಜಗಳ ಮುಗಿಯಿತು, ರೊಟ್ಟಿಯೂ ಮುಗಿಯಿತು, ಹಲ್ಲಿನ ಮಾತೇ ಬರಲಿಲ್ಲ. ಸರಿಯಾಯಿತು ಎಂದು ನನಗೆ ಗೊತ್ತಾದದ್ದು ಹಾಗೆ. ಬಾಯಿಯ ಕೆಲಸ ಚೆನ್ನಾಗಿದ್ದರೆ ಬಾಯಿಯವರು ಅದನ್ನು ಮರೆಯುತ್ತಾರೆ.

ಅಲ್ಲಿಂದ ಮುಂದೆ ನಾನು ಯಾವ ಹೊಸ ಬಗೆಯ ಕೆಲಸ ಮಾಡಿದರೂ ಮೊದಲು ಆಕೆಗೆ ತೋರಿಸುತ್ತಿದ್ದೆ. ಊರೆಲ್ಲ ಚಲೋ ಐತಿ ಅನ್ನುತ್ತಿತ್ತು. ಇಲ್ಲ ಅನ್ನುವವರು ಒಬ್ಬರು ಮನೆಯಲ್ಲಿದ್ದರು. ಅದು ಎಂಥ ಆಸರೆ ಎಂದು ಆಗ ಅನಿಸಿರಲಿಲ್ಲ.

ನಾನು ಕೆಲಸ ಬಿಟ್ಟ ಮೇಲೆ ಆಕೆಗೆ ಹೊಟ್ಟೆಯ ಕಾಯಿಲೆ ಬಂತು. ಊಟ ಸೇರದೆ ಮೈ ಇಳಿಯಿತು. ಮೈ ಇಳಿದರೆ ವಸಡೂ ಇಳಿಯುತ್ತದೆ, ವಸಡು ಇಳಿದರೆ ಸೆಟ್ಟು ಆಡುತ್ತದೆ. ಬಾಯಿ ಮುಚ್ಚುವಾಗ ಗದ್ದ ಒಂದು ಕಡೆ ಸರಿಯತೊಡಗಿತು. ಬೆಳಿಗ್ಗೆ ಕಿವಿಯ ಮುಂದೆ ಕೈ ಒತ್ತಿ ಹಿಡಿದು ಕೂರುತ್ತಿದ್ದಳು. ಹೊಟ್ಟೆಯ ನೋವಿಗೆ ನಾನೇನೂ ಮಾಡುವಂತಿರಲಿಲ್ಲ. ಈ ನೋವು ಮಾತ್ರ ನನ್ನ ಕೈಯೊಳಗಿನದು. ಅವಳು ಇನ್ನೊಮ್ಮೆ ರೊಟ್ಟಿ ಕಡಿದು ತಿನ್ನಬೇಕು ಎಂಬುದೊಂದೇ ನನ್ನ ತಲೆಯಲ್ಲಿ ಉಳಿಯಿತು.

ಸಣ್ಣ ಡಾಕ್ಟರಮ್ಮ ಮನೆಗೇ ಬಂದು ಅಳತೆ ತೆಗೆದುಕೊಟ್ಟರು. ನನ್ನ ಹಳೆಯ ಸಾಮಾನು ಇಳಿಸಿ, ಹಿತ್ತಲ ಬೆಳಕಿನಲ್ಲಿ ಕೂತು ಪ್ಲಾಸ್ಟರು ಕಲಸಿದೆ. ಮೇಣದ ವಾಸನೆಗೆ ಆಕೆ ಒಳಗಿನಿಂದ, "ಮತ್ತ ಕುದುರಿ ಹಲ್ಲು ಮಾಡಾಕತ್ತೀರೇನು?" ಅಂದಳು. ಅಷ್ಟು ಮಾತಿಗೇ ಏದುಸಿರು ಬರುತ್ತಿತ್ತು.

"ಹೊಸ ಸೆಟ್ಟು. ರೊಟ್ಟಿ ತಿನ್ನಾಕ."

"ಯಾಕ ತ್ರಾಸ ತಗೋತೀರಿ?"

"ಸುಮ್ನ ಮಕ್ಕೋ ನೀನು."

ಸೆಟ್ಟು ಆಯಿತು. ಹೊಳಲಿನಿಂದ ಬಂದು ನಮ್ಮಲ್ಲೇ ಉಳಿದಿದ್ದ ಆಕೆಯ ತಂಗಿ ನೀಲಮ್ಮ ಅಂದು ರೊಟ್ಟಿ ಮಾಡಿ ಒಣಗಿಸಿದ್ದಳು. ದಿಂಬಿಗೆ ಒರಗಿಸಿ, ಹಲ್ಲು ಹಾಕಿ, "ಹೆಂಗ..." ಎಂದೆ. ಕೇಳಿ ಮುಗಿಸಿರಲಿಲ್ಲ.

"ಚಲೋ ಐತ್ರಿ" ಅಂದಳು.

ಇಷ್ಟು ವರ್ಷದಲ್ಲಿ ಮೊದಲ ಸಲಕ್ಕೇ ಆಕೆ ಆ ಮಾತು ಅಂದದ್ದಿಲ್ಲ. ಮುಂದಿನ ಕೋಣೆಯಲ್ಲಿ, ಚೀಲ ಹಿಡಿದು ಹೊರಟು ನಿಂತವರು ಅನ್ನುತ್ತಿದ್ದ ರೀತಿಯಲ್ಲೇ ಅಂದಿದ್ದಳು.

ನೀಲಮ್ಮ ತಂದ ರೊಟ್ಟಿಯ ಚೂರನ್ನು ಬಾಯಿಗೆ ಕೊಟ್ಟೆ. ಕಡಿದಳು. ಮೊದಲು ಎಡಕ್ಕೆ ಟಕ್ ಎಂದಿತು, ಆಮೇಲೆ ಬಲಕ್ಕೆ. ಆಕೆಗೂ ಕೇಳಿಸಿತು, ನನಗೂ ಕೇಳಿಸಿತು. ನಾನು ಅರ ತರಲು ತಿರುಗಿದೆ. ಅಂಗಿಯ ತೋಳು ಹಿಡಿದಳು.

"ಎಲ್ಲಿಗೆ ಹೊಂಟ್ರಿ?"

"ಎಡಕ್ಕ ಎತ್ತರ ಐತಿ."

"ಗೊತ್ತೈತಿ ನನಗ. ನಾಳಿ ಮಾಡೀರಂತ. ಇಲ್ಲೆ ಕುಂದರ್ರಿ."

ಕೂತೆ. ಆ ಚೂರನ್ನು ಆಕೆ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನೆನೆಸಿ ನುಂಗಿದಳು. ತೋಳು ಬಿಡಲಿಲ್ಲ. ಬೀರಪ್ಪನ ಕೂಗು ನೆನಪು ಮಾಡಿಕೊಂಡು ನಕ್ಕಳು. ಮರುದಿನ ಆಕೆಗೆ ಬಾಯಿ ತೆರೆಯುವ ಶಕ್ತಿ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಉಸಿರು ನಿಂತಿತು.

ನಮ್ಮಲ್ಲಿ ಹೋದವರನ್ನು ಕೂರಿಸುತ್ತಾರೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂ ಹಾಕಿ, ಬಂದವರಿಗೆ ಮುಖ ಕಾಣುವಂತೆ ಗೋಡೆಗೆ ಒರಗಿಸುತ್ತಾರೆ. ಹಲ್ಲಿಲ್ಲದೆ ಹಾಲಮ್ಮನ ಬಾಯಿ ಒಳಗೆ ಹೋಗಿ, ಯಾರೋ ಬೇರೆಯವರಂತೆ ಕಾಣುತ್ತಿದ್ದಳು. ನೀಲಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ, "ಭಾವಾರ, ಸೆಟ್ಟು ಹಾಕೂದೋ ಬ್ಯಾಡೋ?" ಎಂದು ಕೇಳಿದಳು. ಹಿರಿಯರೊಬ್ಬರು, "ಮಣ್ಣಿಗೆ ಹೋಗೋರಿಗೆ ಅದ್ಯಾಕ?" ಅಂದರು. ನಾನು ಬಟ್ಟಲಿನಲ್ಲಿದ್ದ ಸೆಟ್ಟು ತೆಗೆದುಕೊಂಡು ಹಿತ್ತಲಿಗೆ ಹೋದೆ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಕೂತು, ಎಡಗಡೆಯ ದವಡೆ ಹಲ್ಲಿಗೆ ಅರ ಹಿಡಿದೆ. ನೀಲಿ ಕಾಗದ ಬೇಕಿರಲಿಲ್ಲ. ಎಷ್ಟು ಎತ್ತರವೆಂದು ಆ ಒಂದು ಚೂರು ರೊಟ್ಟಿ ಹೇಳಿತ್ತು. ಸ್ವಲ್ಪ ಸವರಿದೆ, ಬೆರಳಾಡಿಸಿ ನೋಡಿದೆ, ಇನ್ನೂ ಸ್ವಲ್ಪ ಸವರಿದೆ.

ನೀಲಮ್ಮ ಹಿಂದೆ ಬಂದು ನಿಂತಳು. "ಏನು ಮಾಡಾಕತ್ತೀರಿ ಭಾವಾರ? ಸ್ವಾಮಿಗಳು ಬಂದಾರ, ಎಲ್ಲಾರೂ ಕಾಯಾಕತ್ತಾರ."

"ಬಂದೆ ತಾಯಿ. ಎಡಕ್ಕ ಸ್ವಲ್ಪ ಎತ್ತರ ಐತಿ."

ಆಕೆ ಕೊಡದಿಂದ ಚೊಂಬಿನಲ್ಲಿ ನೀರು ತುಂಬಿ ತಂದು ನನ್ನ ಕೈಯ ಮೇಲೆ ಹಾಕಿದಳು. ಹಲ್ಲಿನ ಪುಡಿ ತೊಳೆದು ಹೋಯಿತು.

ಒಳಗೆ ಹೋಗಿ ಹಾಲಮ್ಮನ ಮುಂದೆ ಮೊಣಕಾಲೂರಿ ಕೂತು, ಮೇಲಿನದು ಹಾಕಿದೆ, ಕೆಳಗಿನದು ಹಾಕಿದೆ. ಮುಖ ಅವಳದಾಯಿತು. ಗದ್ದದ ಕೆಳಗೆ ಅಂಗೈ ಇಟ್ಟು, ಕುರ್ಚಿಯಲ್ಲಿ ಕೂತವರಿಗೆ ಮಾಡುತ್ತಿದ್ದಂತೆ, ಮೆಲ್ಲಗೆ ಮೇಲಕ್ಕೆ ಮುಚ್ಚಿದೆ. ಕಿವಿಯನ್ನು ಹತ್ತಿರ ತಂದೆ.

ಒಂದೇ ಸಪ್ಪಳ ಬಂತು.